ಅಂಗಾಲಿನ ತಗ್ಗು

ಅಪ್ಪನ ಕಾಲು ಸುಟ್ಟ ದಿನ ನಾನು ಮನೆಯಲ್ಲಿ ಇದ್ದೆನೋ ಇಲ್ಲವೋ ನನಗೆ ಖಚಿತವಿಲ್ಲ. ಇದ್ದೆ ಎಂದು ನನ್ನ ನೆನಪು ಹೇಳುತ್ತದೆ. ಆಳವಾದ ಹಿತ್ತಾಳೆಯ ಗಂಗಾಳದಿಂದ ಹಬೆ ಏಳುತ್ತಿದ್ದದ್ದು, ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಎರಡೂ ಪಾದಗಳನ್ನು ಅದರೊಳಗೆ ಇಳಿಬಿಟ್ಟದ್ದು, ಅವ್ವ ಚರಿಗೆಯಿಂದ ಇನ್ನಷ್ಟು ಬಿಸಿನೀರು ಸುರಿದದ್ದು, ಎಲ್ಲವೂ ಕಾಣುತ್ತದೆ. ಅಕ್ಕ ಮಾತ್ರ, ನೀನು ಆಗ ಧಾರವಾಡದಲ್ಲಿದ್ದೆ, ಮರುದಿನ ಸಂಜೆಯ ಬಸ್ಸಿಗೆ ಬಂದೆ ಎನ್ನುತ್ತಾಳೆ. ಅವಳ ಮಾತನ್ನು ತಳ್ಳಿಹಾಕಲು ನನ್ನಲ್ಲಿ ಆಧಾರವಿಲ್ಲ. ಇನ್ನೊಂದು ಅನುಮಾನವೂ ಇದೆ. ಈ ನೆನಪಿನಲ್ಲಿ ನಾನು ಗಂಗಾಳವನ್ನು ನೋಡುವುದು ಮೇಲಿನಿಂದ, ಚರಿಗೆ ಹಿಡಿದವರು ನೋಡುವ ಜಾಗದಿಂದ. ಚರಿಗೆ ಹಿಡಿದವಳು ಅವ್ವ. ಅವಳು ಈ ಸಂಗತಿಯನ್ನು ಅದೆಷ್ಟು ಸಲ ಹೇಳಿದ್ದಾಳೆಂದರೆ, ಅವಳ ಕಣ್ಣಿನಿಂದಲೇ ನಾನು ಅದನ್ನು ನೋಡುತ್ತಿರಬಹುದು.

ನನ್ನೊಬ್ಬನ ನೆನಪಿನ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಅಪ್ಪನ ಕಾಲನ್ನು ಸುಟ್ಟದ್ದು ತಾನು ಕಾಯಿಸಿದ ನೀರು ಎಂದು ಅವ್ವ ನಂಬಿದ್ದಳು. ಎಡಗಾಲಿನ ಹೆಬ್ಬೆರಳು ಹೋದದ್ದು ತನ್ನ ಕೈಯಿಂದ ಎಂದು ತಿಳಿದು ವರ್ಷಗಟ್ಟಲೆ ಬದುಕಿದಳು. ಅದು ನಿಜವೋ ಅಲ್ಲವೋ ಎಂಬುದನ್ನು ಯಾರಾದರೂ ನೋಡಬೇಕಿತ್ತು.

ನಮ್ಮದು ಐನಾಪುರ. ಕಬ್ಬು, ಒಂದಿಷ್ಟು ದ್ರಾಕ್ಷಿ. ಕಾಲುನೋವು ನಮ್ಮ ಮನೆಯಲ್ಲಿ ರೋಗವೆನಿಸಿಕೊಂಡಿರಲಿಲ್ಲ, ಬಿಸಿಲು ಮಳೆಯ ಹಾಗೆ ದಿನವೂ ಮಾತಿಗೆ ಬರುವ ವಿಷಯವಾಗಿತ್ತು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆಯ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು, ಅದರ ಬುಡದಲ್ಲಿ ಅಡಿಕೆಯಷ್ಟು ದಪ್ಪ ಎಲುಬಿನ ಗಂಟು. ಆಕೆಗೆ ಮಾತ್ರ ಅಥಣಿಯಲ್ಲಿ ಹೇಳಿ ಚಪ್ಪಲಿ ಮಾಡಿಸಬೇಕಾಗುತ್ತಿತ್ತು, ಬಲಗಾಲಿನದು ಒಂದು ಬದಿ ಅಗಲ. ಚಳಿಗಾಲ ಬಂತೆಂದರೆ ಅವ್ವನ ಹಿಮ್ಮಡಗಳು ಒಡೆದು, ಬಿರುಕಿಗೆ ಸೀರೆಯ ಅಂಚಿನ ದಾರ ಸಿಕ್ಕಿಕೊಳ್ಳುತ್ತಿತ್ತು. ಮೇಣಬತ್ತಿಯ ಚೂರನ್ನು ಎಣ್ಣೆಯಲ್ಲಿ ಕರಗಿಸಿ ಅವಳು ಬಿರುಕು ತುಂಬುತ್ತಿದ್ದಳು, ನೆಲದ ಸಂದಿಗೆ ಸಿಮೆಂಟು ತುಂಬುವ ಹಾಗೆ. ಕಬ್ಬಿಗೆ ನೀರು ಹಾಯಿಸುವವರ ಬೆರಳಸಂದಿ ಮಳೆಗಾಲವಿಡೀ ಬೆಳ್ಳಗೆ ಕೊಳೆತಿರುತ್ತಿತ್ತು. ಕಟಾವು ಮುಗಿದ ಹೊಲದಲ್ಲಿ ಕೂಳೆ ಚುಚ್ಚುತ್ತಿತ್ತು. ನನ್ನ ಕಿರುಬೆರಳ ಮೇಲಿನ ಆಣಿ ಪ್ರತಿವರ್ಷ ಹೊಸ ಚಪ್ಪಲಿಯ ಜೊತೆಗೇ ಬಂದು, ಚಪ್ಪಲಿ ಹಳತಾದಾಗ ಹೋಗುತ್ತಿತ್ತು.

ಕಾಕಾ ರಾಯಬಾಗದಲ್ಲಿ ಕುಳಿತು ಮಾಡುವ ನೌಕರಿಯಲ್ಲಿದ್ದ. ಬೆಳಿಗ್ಗೆ ಹಾಸಿಗೆ ಬಿಟ್ಟು ಇಟ್ಟ ಮೊದಲ ಹೆಜ್ಜೆಗೇ ಹಿಮ್ಮಡದಲ್ಲಿ ಮೊಳೆ ಹೊಡೆದ ಹಾಗಾಗುತ್ತದೆ, ಅಂಗಳ ದಾಟುವಷ್ಟರಲ್ಲಿ ಕಡಿಮೆಯಾಗುತ್ತದೆ ಎಂದು ಅವನು ಹಬ್ಬಕ್ಕೆ ಬಂದಾಗಲೆಲ್ಲ ಹೇಳುತ್ತಿದ್ದ. ಇದು ಬಹಳ ಸಾಮಾನ್ಯವಾದ ತೊಂದರೆ, ಅಂಗಾಲಿನಲ್ಲಿ ಹಿಮ್ಮಡದಿಂದ ಬೆರಳುಗಳವರೆಗೆ ಹರಡಿರುವ ಗಟ್ಟಿ ಪಟ್ಟಿ ಜಗ್ಗಿ ಆಗುವಂಥದ್ದು ಎಂದು ನಾನು ಬಹಳ ವರ್ಷಗಳ ನಂತರ ಓದಿದೆ. ಆಯಿ ಓದಿರಲಿಲ್ಲ.

"ಕುರ್ಚಿ ಮ್ಯಾಲ ಕುಂತವನ ಹಿಮ್ಮಡಕ್ಕ ಎಂಥಾ ದಣಿವು ಲೇ?" ಎನ್ನುತ್ತಿದ್ದಳು. "ನೋವ ಬ್ಯಾರೆ ಕಡೆ ಬರಬೇಕಿತ್ತಲ್ಲ."

"ಅಲ್ಲೂ ಐತಿ ಬಿಡಬೇ" ಎನ್ನುತ್ತಿದ್ದ ಕಾಕಾ.

ಅಪ್ಪನದು ನೋವಲ್ಲ, ಉರಿ. ಸಕ್ಕರೆ ಕಾಯಿಲೆ ಇದೆ ಎಂದು ಕಾಗವಾಡದ ಡಾಕ್ಟರೊಬ್ಬರು ಹೇಳಿ ಕೆಲವು ವರ್ಷಗಳಾಗಿದ್ದವು. ಅಪ್ಪ ಚಹಾಕ್ಕೆ ಸಕ್ಕರೆ ಹಾಕಿಸಿಕೊಳ್ಳುವುದನ್ನು ಬಿಟ್ಟ, ಬೆಲ್ಲ ಬಿಡಲಿಲ್ಲ. ಬೆಲ್ಲಕ್ಕೂ ಆ ಕಾಯಿಲೆಗೂ ಸಂಬಂಧವಿಲ್ಲ ಎಂಬುದು ಆಗ ನಮ್ಮ ಕಡೆ ಎಲ್ಲರ ನಂಬಿಕೆ. ಗುಳಿಗೆಯನ್ನು ನೆನಪಾದ ದಿನ ನುಂಗುತ್ತಿದ್ದ. ಅಂಗಾಲು ಉರಿಯುವುದಕ್ಕೂ ಆ ಕಾಯಿಲೆಗೂ ನಂಟಿದೆ ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಮೈಯಲ್ಲಿ ಕಾವು ಹೆಚ್ಚಾಗಿದೆ, ಅದು ಕಾಲಿನ ಮೂಲಕ ಹೊರಗೆ ಹೋಗಲು ನೋಡುತ್ತಿದೆ ಎಂದು ಆಯಿ ತೀರ್ಪು ಕೊಟ್ಟಿದ್ದಳು. ಕಾವು ತೆಗೆಯಲು ಕಂಚಿನ ವಾಟಿ ಇತ್ತು.

ಈ ಭಾಗದ ಹಳೆಯ ಮನೆಗಳಲ್ಲಿ ಅಂಥದೊಂದು ವಾಟಿ ಇದ್ದೇ ಇರುತ್ತದೆ, ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಬಟ್ಟಲು. ಅಂಗಾಲಿಗೆ ತುಪ್ಪ ಸವರಿ ವಾಟಿಯ ತಳದಿಂದ ಗುಂಡಗೆ ತಿಕ್ಕುತ್ತಾರೆ. ತಿಕ್ಕುತ್ತ ಹೋದಂತೆ ತುಪ್ಪ ಬೂದಿಯ ಬಣ್ಣಕ್ಕೆ ತಿರುಗಿ ಆಮೇಲೆ ಕಪ್ಪಾಗುತ್ತದೆ. ಆ ಕಪ್ಪೇ ಮೈಯಿಂದ ಹೊರಬಂದ ಕಾವು. ನಾವು ಜೈನರು, ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತಿತ್ತು. ಊಟವಾದ ಮೇಲೆ ಅವ್ವ ಪಡಸಾಲೆಯಲ್ಲಿ ಕುಳಿತು ಅಪ್ಪನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕುತ್ತಿದ್ದಳು.

"ನೋಡ, ಎಷ್ಟ ಕಾವು ಹೊಂಟೈತಿ" ಎನ್ನುತ್ತಿದ್ದ ಅಪ್ಪ, ಪಾದ ಹೊರಳಿಸಿ ಕಪ್ಪನ್ನು ನೋಡುತ್ತ.

ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡುತ್ತಿದ್ದೆ. ರಜೆಗೆ ಬಂದಾಗ ಒಮ್ಮೆ, ಅದು ಕಾವಲ್ಲ, ವಾಟಿಯ ತಾಮ್ರ ತುಪ್ಪದ ಜೊತೆ ಸೇರಿ ಆಗುವ ಬಣ್ಣ ಎಂದು ಹೇಳಿದ ನೆನಪಿದೆ. ಅವ್ವ ತಲೆ ಎತ್ತದೆ, "ನಿನ್ನ ಎಮ್ಮೆಸ್ಸಿ ಧಾರವಾಡದಾಗ ಇರ್ಲಿ. ಆ ತುಪ್ಪದ ಗಿಂಡಿ ಇತ್ಲಾಗ ಸರಸು" ಎಂದದ್ದೂ ನೆನಪಿದೆ. ಅಕ್ಕ ಇದನ್ನೂ ಒಪ್ಪುವುದಿಲ್ಲ. ಅವಳ ಪ್ರಕಾರ ನಾನು ಆಗ ಹಾಗೇನೂ ಹೇಳಲಿಲ್ಲ, ನನ್ನ ಕಾಲನ್ನೂ ಮುಂದೆ ಚಾಚಿ ತಿಕ್ಕಿಸಿಕೊಂಡೆ. ಎರಡೂ ಆಗಿರಬಹುದು. ಆಮೇಲೆ ಕಲಿತದ್ದನ್ನು ಹಿಂದಿನ ದಿನಗಳಿಗೆ ಒಯ್ದು ಅಲ್ಲಿ ನಾನೇ ಅದನ್ನು ಹೇಳಿದೆ ಎಂದುಕೊಳ್ಳುವುದು ಬಹಳ ಸುಲಭ.

ವರ್ಷದೊಳಗೆ ಉರಿ ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ಅವ್ವನಿಗೆ ಅದು ಹೆಮ್ಮೆಯ ಸಂಗತಿ. ವಾಟಿ ಓಣಿಯ ಮನೆಮನೆಗೆ ಹೋಗಿಬಂತು. ನಿಪ್ಪಾಣಿಯಿಂದ ನೆಂಟರೊಬ್ಬರು ಬಂದಾಗ ಅವರ ಕಾಲೂ ಅವ್ವನ ತೊಡೆಯ ಮೇಲೆ ಬಂತು. ತುಪ್ಪ ಕಪ್ಪಾಗುವುದರ ಬಗ್ಗೆ ನಾನು ವಾದ ಮಾಡಿದ್ದು ನಿಜವೇ ಇರಲಿ, ಸುಳ್ಳೇ ಇರಲಿ, ಉರಿ ಯಾಕೆ ಹೋಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ. ಹೋದ ನೋವಿಗೆ ಕಾರಣ ಹುಡುಕುವ ರೂಢಿ ಯಾವ ಮನೆಯಲ್ಲೂ ಇಲ್ಲ.

ಆ ದಿನಗಳಲ್ಲಿ ಅಪ್ಪ ಕೆಲವೊಮ್ಮೆ ಒಂದೇ ಚಪ್ಪಲಿ ಮೆಟ್ಟಿಕೊಂಡು ತೋಟದಿಂದ ಮನೆಗೆ ಬರುತ್ತಿದ್ದ. ಇನ್ನೊಂದು ದಾರಿಯಲ್ಲಿ ಎಲ್ಲೋ ಕಾಲಿನಿಂದ ಜಾರಿರುತ್ತಿತ್ತು, ಅವನಿಗೆ ಗೊತ್ತಾಗಿರುತ್ತಿರಲಿಲ್ಲ. ಅದು ನಮಗೆ ನಗೆಯ ವಿಷಯ. ಯಾರಾದರೂ ಆಳು ಚಪ್ಪಲಿ ಹಿಡಿದುಕೊಂಡು ಬಂದು, "ಸಾವಕಾರ್ರ, ಇದ ನಿಮ್ಮದ ಏನ ನೋಡ್ರಿ" ಎನ್ನುತ್ತಿದ್ದ.

"ಇವತ್ತ ಚಪ್ಪಲಿ ಬಿಟ್ಟ ಬಂದಾನ. ನಾಳೆ ಕಾಲೂ ಬಿಟ್ಟ ಬರ್ತಾನ ಇಂವಾ" ಎಂದಳು ಆಯಿ.

ಈ ಮಾತನ್ನು ಅವಳು ಆಗಲೇ ಆಡಿದಳೋ, ಮುಂದಾದದ್ದನ್ನು ನೋಡಿ ನಾವೇ ಅವಳ ಬಾಯಿಗೆ ಇಟ್ಟೆವೋ, ಹೇಳಲಾರೆ. ಕೇಳೋಣವೆಂದರೆ ಅವಳಿಲ್ಲ.

ತೊಂಬತ್ತರ ದಶಕ ಶುರುವಾದ ಹೊತ್ತಿನ ಒಂದು ಬೇಸಿಗೆಯಲ್ಲಿ ದಿಗಂಬರ ಮುನಿಗಳು ನಮ್ಮ ಊರ ಬಸ್ತಿಯಲ್ಲಿ ಕೆಲವು ದಿನ ತಂಗಿದ್ದರು. ಅವರನ್ನು ನಾವು ಮಹಾರಾಜರು ಎನ್ನುತ್ತೇವೆ. ಅವರು ಯಾವ ವಾಹನವನ್ನೂ ಹತ್ತುವುದಿಲ್ಲ, ಕಾಲಿಗೆ ಏನನ್ನೂ ಮೆಟ್ಟುವುದಿಲ್ಲ. ಒಂದೂರಿನಿಂದ ಮುಂದಿನ ಊರಿಗೆ ಹೊರಟಾಗ ಊರಿನ ಕೆಲವರು ಜೊತೆಗೆ ನಡೆದು ಅಲ್ಲಿಯವರೆಗೆ ಬಿಟ್ಟುಬರುವುದು ರೂಢಿ. ಹಾಗೆ ಹೋಗುವವರಲ್ಲಿ ಹೆಚ್ಚಿನವರು ತಾವೂ ಬರಿಗಾಲಿನಲ್ಲೇ ನಡೆಯುತ್ತಾರೆ. ಆ ಸಲ ಮುಂದಿನ ತಂಗುದಾಣ ಉಗಾರ ಖುರ್ದ. ಉರಿಯಿದ್ದ ವರ್ಷಗಳಲ್ಲಿ ಅಪ್ಪನಿಗೆ ಇದು ಸಾಧ್ಯವಾಗಿರಲಿಲ್ಲ, ಅದೊಂದು ಕೊರಗು ಅವನಿಗಿತ್ತು. ಈಗ ಉರಿ ಇರಲಿಲ್ಲ.

ಹೊರಡುವಾಗಿನ ಮಾತುಕತೆಯನ್ನು ಅಕ್ಕ ಹೇಳಿದ್ದು ಹೀಗೆ.

"ಚಪ್ಪಲಿ ಒಂದ ಚೀಲದಾಗ ಇಟ್ಕೋರಿ" ಎಂದಳು ಅವ್ವ. "ಹೋಗೂಮುಂದ ಬ್ಯಾಡ, ಬರೂಮುಂದ ಹಾಕ್ಕೋರಿ. ಬಿಸಲ ಭಾಳ ಐತಿ."

"ಪುಣ್ಯ ಹೋಗೂ ದಾರಿಗಷ್ಟ ಐತೇನು? ಬರೂ ದಾರಿಗೂ ಐತಿ."

"ಹಂಗಾರ ಬಸ್ಸಿಗರ ಬರ್ರಿ."

"ಮಹಾರಾಜರ ನಡಕೋಂತ ಹೋಗ್ತಾರ, ನಾ ಬಸ್ಸಿನ್ಯಾಗ ಕುಂತ ಬರ್ಲಿ?"

ಹೋಗುವಾಗ ಬಿಸಿಲೇ ಇರಲಿಲ್ಲ, ನಸುಕಿನಲ್ಲೇ ಹೊರಟಿದ್ದರು. ತೊಂದರೆಯಾದದ್ದು ಮರಳುವ ದಾರಿಯಲ್ಲಿ. ಮಹಾರಾಜರದು ದಿನಕ್ಕೆ ಒಂದೇ ಸಲದ ಆಹಾರ, ಅದೂ ಬೆಳಗಿನ ಹೊತ್ತಿನಲ್ಲಿ. ಅದು ಮುಗಿದ ಮೇಲೆ ಬಿಡಲು ಬಂದವರ ಊಟ. ಎಲ್ಲ ಮುಗಿಸಿ ಕೈಮುಗಿದು ಹೊರಬೀಳುವಷ್ಟರಲ್ಲಿ ಸೂರ್ಯ ನೆತ್ತಿಯ ಮೇಲಿದ್ದ. ಡಾಂಬರು ಮೆತ್ತಗಾಗಿತ್ತು. ಅಪ್ಪನ ಜೊತೆ ಮರಳಿದವರು ನಮ್ಮ ಪಕ್ಕದ ತೋಟದವರು. ಅವರು ನನಗೆ ಆಮೇಲೆ ಹೇಳಿದರು:

"ನಾ ಹುಲ್ಲ ಕಂಡಲ್ಲಿ ಹುಲ್ಲಿನ ಮ್ಯಾಲ, ನೆಳ್ಳ ಕಂಡಲ್ಲಿ ನೆಳ್ಳಾಗ, ಕುಣ್ಕೋಂತ ಬಂದೇನ್ರಿ. ನಿಮ್ಮಪ್ಪ ರೋಡ ನಡಬರಕ ಹೊಂಟಿದ್ದ, ಅರಾಮ. ನನ್ನ ನೋಡಿ, ಏನ್ ಲಗ್ನದ ಕುದರಿ ಆಗಿಯಲ್ಲೋ ಅಂತ ನಕ್ಕ. ನಾನೂ ಅಂದ್ಕೊಂಡೆ, ಇಂವಗ ಏನೋ ಹತ್ತೇತಿ, ನಮಗ ಹತ್ತಿಲ್ಲ ಅಂತ."

ಅವರು ಅದನ್ನು ಭಕ್ತಿಯೆಂದು ತಿಳಿದರು. ಅಪ್ಪನೂ ಹಾಗೇ ತಿಳಿದಿದ್ದ.

ಮನೆಗೆ ಬಂದವನು ಕಾಲು ದಣಿದಿವೆ ಎಂದ, ಸುಟ್ಟಿವೆ ಎನ್ನಲಿಲ್ಲ. ದೂರ ನಡೆದುಬಂದವರ ಕಾಲನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಇಡಿಸುವುದು ನಮ್ಮಲ್ಲಿ ಪದ್ಧತಿ. ಅವ್ವ ಹಂಡೆಯಿಂದ ನೀರು ತಂದು ಗಂಗಾಳಕ್ಕೆ ಹಾಕಿದಳು. ನಾನು ನೋಡಿದೆ ಅಂದುಕೊಂಡಿರುವ, ಬಹುಶಃ ನೋಡಿರದ ದೃಶ್ಯ ಇದೇ.

"ಕಾವ ಹತ್ತವಲ್ದು. ಇನ್ನೊಂದಿಷ್ಟ ಹಾಕ."

"ಸುಡ್ತಾವರಿ."

"ನನ್ನ ಕಾಲಿಗೆ ಹತ್ತವಲ್ದು ಅಂತೀನಿ, ನಿನ್ನ ಕಣ್ಣಿಗೆ ಹತ್ತೇತೇನು?"

ಅವ್ವ ಇನ್ನೊಂದು ಚರಿಗೆ ಸುರಿದಳು. ಸ್ವಲ್ಪ ಹೊತ್ತಿನ ಮೇಲೆ ಕಾಲೊರೆಸಲು ಹೋದಾಗ ಎಡಗಾಲಿನ ಚರ್ಮ ಪಂಚೆಯ ಜೊತೆಗೆ ಬಂತು. ಬಲಗಾಲಿನ ಅಡಿಯಲ್ಲಿ ಬೊಬ್ಬೆಗಳಿದ್ದವು. ನೀರಿಗೆ ಇಡುವ ಮೊದಲು ಅವ್ವ ಅಂಗಾಲು ನೋಡಿರಲಿಲ್ಲ. ಯಾರು ನೋಡುತ್ತಾರೆ? ನೀರಿಗೆ ಇಟ್ಟದ್ದನ್ನು ಕಂಡಳು, ತೆಗೆದಾಗ ಚರ್ಮ ಬಂದದ್ದನ್ನು ಕಂಡಳು. ಎರಡರ ನಡುವೆ ಬೇರೆ ಏನೂ ನಡೆದಿರಲಿಲ್ಲ. ಅವಳ ತೀರ್ಮಾನದಲ್ಲಿ ತರ್ಕದ ತಪ್ಪು ಹುಡುಕುವುದು ಕಷ್ಟ.

ಅರಿಷಿಣ ಹಚ್ಚಿದರು, ತುಪ್ಪ ಹಚ್ಚಿದರು, ಯಾರೋ ಕೊಟ್ಟ ನೇರಳೆ ಬಣ್ಣದ ಔಷಧ ಹಚ್ಚಿದರು. ಮರುದಿನದಿಂದ ಅಪ್ಪ ಎಂದಿನಂತೆ ತೋಟಕ್ಕೆ ಹೋಗತೊಡಗಿದ. ಅವ್ವ ಬ್ಯಾಡ ಎಂದದ್ದಕ್ಕೆ, "ನೋವ ಇಲ್ಲದ್ದು ಎಂಥಾ ಗಾಯ? ಹಂಗ ಆರತೈತಿ" ಎಂದ. ಇದನ್ನು ನಾನೇ ಕೇಳಿದ್ದೇನೆ, ಈ ಹೊತ್ತಿಗೆ ನಾನು ಊರಲ್ಲಿದ್ದದ್ದು ಅಕ್ಕನಿಗೂ ಒಪ್ಪಿಗೆ. ನೋವಿಲ್ಲದ ಗಾಯದ ಮೇಲೆ ಅವನು ಪೂರ್ತಿ ಭಾರ ಊರಿ ನಡೆದ. ನೋವಿದ್ದಿದ್ದರೆ ಮಂಚದ ಮೇಲೆ ಬಿದ್ದಿರುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಎಡಪಾದ ಕಣಕಾಲಿನವರೆಗೆ ಊದಿ, ಹೆಬ್ಬೆರಳು ಬಣ್ಣ ತಿರುಗಿ, ಪಡಸಾಲೆಯಲ್ಲಿ ವಾಸನೆ ಬರತೊಡಗಿತು. ಆಗ ಮಿರಜಕ್ಕೆ, ಗಡಿಯಾಚೆಯ ದೊಡ್ಡ ಆಸ್ಪತ್ರೆಗೆ, ಹೊರಟೆವು.

ನಮ್ಮ ಕಡೆ ಮಿರಜಕ್ಕೆ ಒಯ್ದರು ಎಂದರೆ ಕೇಳಿದವರು ದನಿ ತಗ್ಗಿಸುತ್ತಾರೆ. ಸಣ್ಣಪುಟ್ಟದ್ದಕ್ಕೆ ಯಾರೂ ಅಲ್ಲಿಗೆ ಹೋಗುವುದಿಲ್ಲ. ಆಸ್ಪತ್ರೆಯಲ್ಲಿ ಎಳೆ ವಯಸ್ಸಿನ ಡಾಕ್ಟರು ಮೊದಲು ಗಾಯ ನೋಡಲಿಲ್ಲ. ಕಣ್ಣು ಮುಚ್ಚಿಕೊಳ್ಳಿ, ಸೂಜಿ ಮುಟ್ಟಿಸುತ್ತೇನೆ, ಮುಟ್ಟಿದಾಗ ಹೇಳಿ ಎಂದು ಮರಾಠಿಯಲ್ಲಿ ಅಪ್ಪನಿಗೆ ಹೇಳಿದರು. ಅಪ್ಪ ಕಣ್ಣು ಮುಚ್ಚಿದ. ಅವರು ಬೆರಳಿಗೆ ಚುಚ್ಚಿದರು, ಅಂಗಾಲಿಗೆ ಚುಚ್ಚಿದರು, ಹಿಮ್ಮಡಕ್ಕೆ ಚುಚ್ಚಿದರು. ಅಪ್ಪ ಸುಮ್ಮನೆ ಕಾಯುತ್ತಿದ್ದ.

"ಚುಚ್ಚರಿ ಸಾಹೇಬ್ರ, ನಾ ತಯಾರ ಅದೀನಿ" ಎಂದ ಕನ್ನಡದಲ್ಲಿ. "ಅಂಜಬ್ಯಾಡ್ರಿ."

ಬಲಗಾಲಿನಲ್ಲಿ ಒಂದು ಕಡೆ ಸೂಜಿಯ ತುದಿಗೆ ಹನಿ ರಕ್ತ ಬಂದಿತ್ತು. ಅವ್ವ ಅದನ್ನು ನೋಡುತ್ತಿದ್ದಳು. ಅಪ್ಪನ ಕಣ್ಣು ಇನ್ನೂ ಮುಚ್ಚಿತ್ತು.

ಉರಿಯ ಬಗ್ಗೆ ಆ ಡಾಕ್ಟರು ಹೇಳಿದ್ದನ್ನು ನಾನು ಪೂರ್ತಿ ನಂಬುತ್ತೇನೆ, ಆಮೇಲೆ ಓದಿ ನೋಡಿದ್ದೇನೆ ಕೂಡ. ಉರಿ ಎಂದರೆ ನರಗಳು ಕೆಡುತ್ತಿದ್ದದ್ದು, ಉರಿ ನಿಂತದ್ದು ಎಂದರೆ ನರಗಳು ಕೆಟ್ಟುಹೋದದ್ದು. ಗುಣವಾಯಿತೆಂದು ನಾವು ಓಣಿಗೆಲ್ಲ ಹೇಳಿಕೊಂಡು ಬಂದದ್ದು ಕಾಯಿಲೆಯ ಮುಂದಿನ ಹೆಜ್ಜೆಯನ್ನು.

"ಸುಟ್ಟದ್ದು ಹೇಗೆ?" ಎಂದು ಡಾಕ್ಟರು ಕೇಳಿದರು.

ಅವ್ವ ತಾನೇ ಮುಂದೆ ಬಂದು ಮರಾಠಿಯಲ್ಲಿ, ನಾನು ಬಿಸಿನೀರು ಹಾಕಿದೆ ಎಂದಳು. ಡಾಕ್ಟರು ಸಿಟ್ಟಾದರು. ನೀರಿನ ಬಿಸಿಯನ್ನು ಇನ್ನು ಇವರ ಕಾಲಿನಿಂದ ಕೇಳಬೇಡಿ, ನಿಮ್ಮ ಮೊಣಕೈಯಿಂದ ಕೇಳಿ ಎಂದರು. ಅಪ್ಪ ಅಲ್ಲೇ ಇದ್ದ. ಉಗಾರದಿಂದ ನಡೆದು ಬಂದದ್ದನ್ನು ಅವನು ಹೇಳಲಿಲ್ಲ. ಊತದಿಂದ, ಹಚ್ಚಿದ ಔಷಧಗಳಿಂದ ಪಾದದ ರೂಪವೇ ಕೆಟ್ಟಿತ್ತು, ನೋಡಿ ಹೇಳುವ ಸ್ಥಿತಿಯಲ್ಲಿ ಅದು ಇರಲಿಲ್ಲ. ಅವ್ವ ಹೇಳಿದ್ದನ್ನೇ ಡಾಕ್ಟರು ಒಪ್ಪಿಕೊಂಡರು.

ಹೆಬ್ಬೆರಳು ತೆಗೆಯಲೇಬೇಕು, ಮೇಲಕ್ಕೆ ಏರಿದರೆ ಕಣಕಾಲಿನ ತನಕ ಹೋಗುತ್ತದೆ ಎಂದರು. ಆ ದಿನಗಳಲ್ಲಿ ಅವ್ವ ಹೊರಗಿನ ಬಾಕಿನ ಮೇಲೆ ಕುಳಿತಿರುತ್ತಿದ್ದಳು. ಅಕ್ಕ ತಂದ ಬುತ್ತಿ ಹಾಗೇ ವಾಪಸು ಹೋಗುತ್ತಿತ್ತು. ಹೆಬ್ಬೆರಳು ಹೋಯಿತು, ಪಾದ ಉಳಿಯಿತು.

ಊರಿಗೆ ಬಂದ ಮೇಲೆ ಅವ್ವ ಕಂಚಿನ ವಾಟಿಯನ್ನು ನಾಗಂದಿಗೆಯ ಮೇಲೆ ಬೋರಲು ಹಾಕಿದಳು. ದಿನವೂ ಅಪ್ಪನ ಅಂಗಾಲು ನೋಡಿ, ತೊಳೆದು, ಬೆರಳಸಂದಿ ಒರೆಸುವುದು ಅವಳ ಕೆಲಸವಾಯಿತು. ಮೆತ್ತನೆಯ ರಬ್ಬರಿನ ಚಪ್ಪಲಿ ತಂದೆವು, ಹಿಂದೆ ಪಟ್ಟಿ ಇದ್ದದ್ದು. ಮನೆಯೊಳಗೆ ಚಪ್ಪಲಿ ಮೆಟ್ಟಿದ ಮೊದಲ ಮನುಷ್ಯ ಅಪ್ಪ. ಬಸ್ತಿಯೊಳಗೆ ಮಾತ್ರ ಬರಿಗಾಲು, ಅದಕ್ಕೇ ಕಲ್ಲು ಕಾಯುವ ಮೊದಲೇ ಹೋಗಿ ಬರುತ್ತಿದ್ದ.

ಇನ್ನೊಂದು ಬದಲಾವಣೆ ನನ್ನ ಗಮನಕ್ಕೆ ಬಂದದ್ದು ಚಳಿಗಾಲದಲ್ಲಿ. ಅವ್ವ ತಣ್ಣೀರು ಸ್ನಾನ ಮಾಡುತ್ತಿದ್ದಳು. ನಮ್ಮಲ್ಲಿ ಹೆಂಗಸರು ಏನಾದರೊಂದನ್ನು ಬಿಡುತ್ತೇನೆಂದು ನೇಮ ಹಿಡಿಯುವುದು ಹೊಸದಲ್ಲ. ಒಬ್ಬರು ಹಾಲು ಬಿಡುತ್ತಾರೆ, ಒಬ್ಬರು ಸಿಹಿ ಬಿಡುತ್ತಾರೆ. ಬಿಸಿನೀರು ಬಿಟ್ಟವರನ್ನು ನಾನು ಬೇರೆ ಕಂಡಿಲ್ಲ. ಹಿಮ್ಮಡದ ಬಿರುಕುಗಳು ಆಳವಾಗಿ ರಕ್ತ ಬರುತ್ತಿತ್ತು.

"ಯಾವಾಗಿನ ತನಕ ಈ ನೇಮ?" ಎಂದು ಕೇಳಿದೆ.

"ಇರೂ ತನಕ."

"ಯಾಕ?"

"ಬಿಸಿನೀರಿನಿಂದ ಏನ್ ಚಲೋ ಆಗೇತಿ ಈ ಮನ್ಯಾಗ?"

ಅಪ್ಪ ಅವಳಿಗೆ ಎಂದೂ ಒಂದು ಮಾತು ಅನ್ನಲಿಲ್ಲ. ಆದರೆ ಸುಟ್ಟದ್ದು ರಸ್ತೆಯೇ ಇರಬಹುದು ಎಂದರೆ ಒಪ್ಪುತ್ತಲೂ ಇರಲಿಲ್ಲ. ನಾನು ಒಂದೆರಡು ಸಲ ಆ ಮಾತು ಎತ್ತಿದ್ದೆ.

"ಮಹಾರಾಜರ ಬೆನ್ನ ಹತ್ತಿ ನಡದ ಕಾಲು ಸುಡಂಗಿಲ್ಲ" ಎಂದ. "ಸುಟ್ಟಿತು ಅಂದ್ರ ನಾಳೆ ಯಾರ್ ನಡೀತಾರ?"

"ಜೋಡಿ ಬಂದವರು ಹುಲ್ಲಿನ ಮ್ಯಾಲ ಬಂದ್ರಂತಲ್ರಿ."

"ಅವರ ಭಕ್ತಿ ಅಷ್ಟು."

ರಸ್ತೆಯ ಮೇಲೆ ತಪ್ಪು ಬರದಂತೆ ಉಳಿಸಿಕೊಂಡರೆ, ತಪ್ಪು ಹೊರಲು ಉಳಿಯುವುದು ಗಂಗಾಳ ಒಂದೇ. ಇದು ಅಪ್ಪನಿಗೆ ತಿಳಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಬೈಯಲಿಲ್ಲ, ಅಷ್ಟಕ್ಕೇ ತಾನು ಆರೋಪ ಹೊರಿಸಿಲ್ಲ ಎಂದುಕೊಂಡಿರಬಹುದು. ಅವ್ವನಿಗೂ ಮಹಾರಾಜರ ದಾರಿಯ ಮೇಲೆ ತಪ್ಪು ಹಾಕುವ ಮನಸ್ಸಿರಲಿಲ್ಲ. ಹೀಗೆ ಇಬ್ಬರೂ ಸೇರಿ, ಮಾತಾಡದೆಯೇ, ತಪ್ಪನ್ನು ಅವಳ ಹತ್ತಿರ ಇಟ್ಟಿದ್ದರು.

ನಾನು ಓದು ಮುಗಿಸಿ ಒಂದೆರಡು ಊರುಗಳಲ್ಲಿ ಪಾಠ ಮಾಡಿ, ಎಲ್ಲೂ ಬಹಳ ದಿನ ನಿಲ್ಲದೆ, ಕೊನೆಗೆ ಚಿಕ್ಕೋಡಿಗೆ ಬಂದಿದ್ದೆ. ವಾರದ ಕೊನೆಗೆ ಊರಿಗೆ ಹೋಗುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಂಥ ಒಂದು ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಅಪ್ಪ ಬಚ್ಚಲಿನಿಂದ ಬಂದು, ಬಾಗಿಲ ಬಳಿ ಬಿಟ್ಟಿದ್ದ ರಬ್ಬರಿನ ಚಪ್ಪಲಿಯ ಕಡೆಗೆ ಫರಸಿ ಕಲ್ಲಿನ ನೆಲದ ಮೇಲೆ ನಡೆದ. ಒದ್ದೆಯ ಹೆಜ್ಜೆಗಳು ಕರಿಯ ಕಲ್ಲಿನ ಮೇಲೆ ಸ್ಪಷ್ಟವಾಗಿ ಮೂಡಿದವು. ಹಿಮ್ಮಡದ ಗುಂಡು, ಹೊರಬದಿಯ ಪಟ್ಟಿ, ಮುಂಗಾಲಿನ ಅಗಲ, ಬೆರಳುಗಳ ಚುಕ್ಕೆಗಳು. ಒಳಬದಿಯಲ್ಲಿ, ಅಂಗಾಲಿನ ತಗ್ಗು ಇರುವಲ್ಲಿ, ಕಲ್ಲು ಒಣಗಿಯೇ ಇತ್ತು.

ಅಂಗಾಲಿನ ತಗ್ಗು ನೆಲಕ್ಕೆ ತಾಗುವುದಿಲ್ಲ ಎಂಬುದು ಯಾರಿಗೂ ಹೊಸ ವಿಷಯವಲ್ಲ. ಕಲ್ಲು ಒಣಗಿ ಒದ್ದೆಯ ಹೆಜ್ಜೆ ಮಾಯವಾಗುವವರೆಗೂ ನಾನು ಅದನ್ನು ನೋಡುತ್ತಿದ್ದೆ. ರಸ್ತೆಯೂ ನೆಲವೇ.

"ಅಪ್ಪಾ, ಬಲಗಾಲ ಸ್ವಲ್ಪ ತೋರಸ್ರಿ."

"ಯಾಕ, ಏನ್ ಆಗೇತಿ?"

"ಏನೂ ಆಗಿಲ್ಲ. ಅಂಗಾಲ ನೋಡಬೇಕು."

"ಮಗನ ಕಡೆ ಅಂಗಾಲ ಮಾಡಿ ಕುಂದ್ರೂದು ಚಂದ ಕಾಣ್ತೈತೇನು?"

ಅವನು ಹೇಳಿದ್ದು ಸರಿ. ಹಬ್ಬಹುಣ್ಣಿಮೆಗೆ ನಾವು ಆ ಪಾದ ಮುಟ್ಟಿ ನಮಸ್ಕರಿಸುತ್ತಿದ್ದೆವು, ಆಗ ಕಾಣುವುದು ಮೇಲಿನ ಭಾಗ. ಅಂಗಾಲನ್ನು ದಿನವೂ ನೋಡುತ್ತಿದ್ದವಳು ಅವ್ವ ಒಬ್ಬಳೇ. ನಾನು ಖಾಲಿ ದ್ರಾಕ್ಷಿ ಪೆಟ್ಟಿಗೆ ತಂದು ಮುಂದಿಟ್ಟೆ. ಅಪ್ಪ ಗೊಣಗುತ್ತ ಬಲಗಾಲನ್ನು ಅದರ ಮೇಲೆ ಚಾಚಿದ. ಎಡಗಾಲನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಕೀವು ತುಂಬಿ ಕೊಯ್ದ ಕಾಲು ಅದು, ಯಾವ ಕಲೆ ಸುಟ್ಟದ್ದು ಯಾವುದು ಕೊಯ್ದದ್ದು ಎಂದು ಬೇರೆ ಮಾಡಲಾಗದು. ಬಲಗಾಲು ಬ್ಲೇಡು ಕಾಣದೆ ತಾನಾಗಿ ಮಾಗಿತ್ತು.

ಅವ್ವ ಅಡುಗೆಮನೆಯಿಂದ ಬಂದಳು. "ಏನ್ ಮಾಡಾಕತ್ತೀರಿ ತಂದಿ ಮಗ ಕೂಡಿ?"

"ಅವ್ವಾ, ಸುಟ್ಟ ಕಲೆ ಎಲ್ಲೆಲ್ಲಿ ಅದಾವ ತೋರಸು."

ಅವಳು ಕನ್ನಡಕ ಬೇಡವೆಂದಳು. ನೋಡದೆಯೇ ಹೆಬ್ಬೆರಳಿನಿಂದ ತೋರಿಸುತ್ತ ಹೋದಳು, "ಇಲ್ಲಿ ಹಿಮ್ಮಡಕ್ಕ. ಈ ಬಾಜು. ಇಲ್ಲಿ ಬೆರಳಿನ ಬುಡಕ. ಬೆರಳ ತುದಿಗೆ."

"ನಡಬರಕ? ಈ ತಗ್ಗಿನ್ಯಾಗ?"

"ಇಲ್ಲಿ ಏನೂ ಇಲ್ಲ. ಇಲ್ಲಿ ಮದಲಿನಂಗ ಐತಿ."

"ಮ್ಯಾಲ?"

ಅವಳು ಪಾದದ ಮೇಲ್ಭಾಗಕ್ಕೆ ಕೈಯಾಡಿಸಿದಳು. "ಮ್ಯಾಲ ಏನೂ ಆಗಿಲ್ಲಲ್ಲ."

"ಗಂಗಾಳದಾಗ ನೀರ ಎಲ್ಲಿ ತನಕ ಇತ್ತು?"

ಅವ್ವ ಕಣಕಾಲಿನ ಎಲುಬನ್ನು ಮುಟ್ಟಿ ತೋರಿಸಿದಳು. ಕೈ ಅಲ್ಲೇ ನಿಂತಿತು.

"ನೀರ ಅಂದ ಮ್ಯಾಲ ತಗ್ಗಿಗೂ ಹೋಗಿರಬೇಕಲ್ಲ" ಎಂದೆ. "ಮ್ಯಾಲೂ ಹತ್ತಿರಬೇಕು. ತಗ್ಗ ಬಿಟ್ಟು ಸುಡೂದು ನೆಲ."

ಅಪ್ಪ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹೊರಗೆ ಅಂಗಳದ ಕಡೆ ನೋಡುತ್ತಿದ್ದ. "ರೋಡ ಅಂದ್ರ ರೋಡ ಅನ್ರಿ" ಎಂದ. "ನಡದದ್ದಂತೂ ನಡದೇನಿ."

ಅವ್ವ ಅವನ ಪಾದವನ್ನು ಸೆರಗಿನಿಂದ ಒರೆಸಿ, ಚಪ್ಪಲಿ ತೊಡಿಸಿ, ಹಿಂದಿನ ಪಟ್ಟಿ ಹಾಕಿದಳು. ತಣ್ಣೀರಿನ ನೇಮ ಬಿಡಲಿಲ್ಲ. ಹಿಡಿದ ನೇಮಕ್ಕೂ ಇದಕ್ಕೂ ಏನು ಸಂಬಂಧ ಎಂದಳು. ಆದರೆ ಆ ದಿನದ ಸಂಗತಿಯನ್ನು ನೆಂಟರ ಮುಂದೆ ಹೇಳುವಾಗ, "ನಾ ನೀರ ಹಾಕಿ ಸುಟ್ಟೆ" ಎಂಬಲ್ಲಿಂದ ಅವಳು ಶುರುಮಾಡಿದ್ದನ್ನು ಆಮೇಲೆ ನಾನು ಕೇಳಿಲ್ಲ. ಕೇಳಿಲ್ಲ ಎನ್ನುವುದೂ ನನ್ನ ನೆನಪೇ, ಆದ್ದರಿಂದ ಅದಕ್ಕೆ ಎಷ್ಟು ಬೆಲೆಯೋ ಅಷ್ಟೇ.

ಅವಳು ಸುರಿದ ನೀರು ಆಗಲೇ ಸುಟ್ಟಿದ್ದ ಚರ್ಮಕ್ಕೆ ಇನ್ನಷ್ಟು ಕೇಡು ಮಾಡಿತೇ ಎಂದು ಯಾರಾದರೂ ಕೇಳಿದರೆ, ಮಾಡಿರಬಹುದು ಎನ್ನಬೇಕಾಗುತ್ತದೆ. ನಾನು ಆ ದಿನ ಅಲ್ಲಿದ್ದೆನೇ ಎಂದು ಕೇಳಿದರೂ ಉತ್ತರವಿಲ್ಲ. ಹಬೆ ಈಗಲೂ ಕಾಣುತ್ತದೆ. ಚಿಕ್ಕೋಡಿಯಲ್ಲಿ ಪರಿಚಯದ ಡಾಕ್ಟರೊಬ್ಬರನ್ನು ಕೇಳಿದೆ. ಕುದಿನೀರಿನಲ್ಲಿ ಕಾಲಿಟ್ಟರೆ ಮೊದಲು ಬೊಬ್ಬೆ ಏಳುವುದು ಪಾದದ ಮೇಲಿನ ತೆಳು ಚರ್ಮಕ್ಕೆ ಎಂದರು. ಮುಂದಿನ ವಾರ ಊರಿಗೆ ಹೋದಾಗ ಹಗಲು ಬೆಳಕಿನಲ್ಲಿ, ಅಪ್ಪ ಬೇಡವೆಂದರೂ, ಇನ್ನೊಮ್ಮೆ ಬಲಗಾಲನ್ನು ಹಿಡಿದು ನೋಡಿದೆ. ಮೇಲೆ ಕೂದಲು ಹಾಗೇ ಇತ್ತು. ಕೆಳಗೆ, ನೆಲಕ್ಕೆ ತಾಗುವ ಕಡೆಯೆಲ್ಲ ಕಲೆಯಿತ್ತು, ತಗ್ಗಿನಲ್ಲಿ ಇರಲಿಲ್ಲ.